ಜೆಲ್ ಹಚ್ಚಿದರೆ ಬಿಳಿ ಪುಡಿ, ವ್ಯಾಕ್ಸ್ ಹಚ್ಚಿದರೆ ಚಪ್ಪಟೆ: ಕಲಬುರಗಿ ಬಿಸಿಲಿಗೆ ಯಾವುದು ಸರಿ?

ಆಳಂದ ರೋಡ್:
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. ನನ್ನದು ದಪ್ಪ, ನೇರ ಕೂದಲು. ಎರಡೂ ಕಡೆ ಸಣ್ಣ ಮಾಡಿಸಿ, ಮೇಲೆ ಮೂರು ಬೆರಳಷ್ಟು ಬಿಟ್ಟಿದ್ದೇನೆ. ಬೆಳಿಗ್ಗೆ ಜೆಲ್ ಹಚ್ಚಿ ಬಾಚಿ, ಹೆಲ್ಮೆಟ್ ಹಾಕಿಕೊಂಡು ಸೂಪರ್ ಮಾರ್ಕೆಟ್ ಕಡೆ ಕೆಲಸಕ್ಕೆ ಹೋಗುತ್ತೇನೆ. ಹೆಲ್ಮೆಟ್ ತೆಗೆದು ಕೂದಲಲ್ಲಿ ಕೈ ಆಡಿಸಿದರೆ ಸಾಕು, ಅಂಗಿ ಮೇಲೆಲ್ಲ ಬಿಳಿ ಪುಡಿ. ನೋಡಿದವರೆಲ್ಲ ತಲೆಹೊಟ್ಟು ಅಂತಾರೆ. ಜೆಲ್ ಬಿಟ್ಟು ವ್ಯಾಕ್ಸ್ ತಂದೆ. ಪುಡಿ ಕಡಿಮೆಯಾಯಿತು, ಆದರೆ ಹನ್ನೊಂದು ಗಂಟೆಗೇ ಕೂದಲು ತಲೆಗೆ ಅಂಟಿ ಎಣ್ಣೆ ಸುರಿದ ಹಾಗೆ ಆಗುತ್ತದೆ. ತೊಳೆದರೂ ಹೋಗುವುದಿಲ್ಲ. ಯಾವ ಕಂಪನಿಯದು ತಗೊಳ್ಳಲಿ? ಮನೆಯಲ್ಲಿ ಮದುವೆ ಇದೆ, ಅಷ್ಟರೊಳಗೆ ಸರಿ ಮಾಡಿಕೊಳ್ಳಬೇಕು.

ಸಲೂನ್ ಕತ್ತರಿ:
ತಮ್ಮಾ, ಕಂಪನಿ ಆಮೇಲೆ ನೋಡೋಣ. ಮೊದಲು ಇಷ್ಟು ಹೇಳು. ತಲೆಗೆ ಯಾವ ನೀರು? ಶಾಂಪೂನಾ, ಸೋಪಾ? ರಾತ್ರಿ ಎಣ್ಣೆ ಹಚ್ಚುತ್ತೀಯಾ? ಜೆಲ್ ಒಣಗಿದ ಮೇಲೆ ಮತ್ತೆ ಬಾಚುತ್ತೀಯಾ?

ಆಳಂದ ರೋಡ್:
ಬೋರಿನ ನೀರು ಅಣ್ಣ. ಶಾಂಪೂ ಭಾನುವಾರ ಮಾತ್ರ, ಉಳಿದ ದಿನ ಮೈ ಸೋಪೇ ತಲೆಗೂ. ಅವ್ವ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ. ಬಾಚಣಿಕೆ ಜೇಬಲ್ಲೇ ಇರುತ್ತದೆ, ಹೆಲ್ಮೆಟ್ ತೆಗೆದಾಗೆಲ್ಲ ಬಾಚುತ್ತೇನೆ.

ಸಲೂನ್ ಕತ್ತರಿ:
ಹಾಗಾದರೆ ಕಾರಣ ಸಿಕ್ಕಿತು. ನಿನ್ನ ತಲೆ ಮೇಲೆ ಎರಡು ಥರದ ಪುಡಿ ಇದೆ.

ಒಂದು ಸೋಪಿನದು. ನಮ್ಮ ಕಡೆ ನೆಲದ ಕೆಳಗೆ ಸುಣ್ಣದ ಕಲ್ಲು. ಶಹಾಬಾದ್ ಕಲ್ಲು ಅಂತ ನೆಲಕ್ಕೆ ಹಾಕುತ್ತೇವಲ್ಲ, ಅದೇ. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದಿದ್ದೂ ಅದಕ್ಕೇ. ಆ ಕಲ್ಲಿನ ಸಂದಿಯಿಂದ ಬರುವ ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಸೋಪು ಈ ಕ್ಯಾಲ್ಸಿಯಂ ಜೊತೆ ಸೇರಿದರೆ ನೊರೆ ಬರುವುದಿಲ್ಲ, ಕರಗದ ಬಿಳಿ ಜಿಗುಟು ಆಗುತ್ತದೆ. ಬಕೆಟ್ ಅಂಚಿಗೆ ಕಟ್ಟುವ ಬಿಳಿ ಪದರ ನೋಡಿದ್ದೀಯಲ್ಲ, ಕೂದಲ ಮೇಲೂ ಅದೇ ಕೂರುತ್ತದೆ. ಶಾಂಪೂಗೆ ಈ ಕಾಟ ಅಷ್ಟಿಲ್ಲ, ಅದರಲ್ಲಿರುವುದು ಸೋಪಲ್ಲ, ಬೇರೆ ಡಿಟರ್ಜೆಂಟ್. ನಂಬಿಕೆ ಬರದಿದ್ದರೆ ಎರಡು ಬಾಟಲಿ ತಗೋ. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಫಿಲ್ಟರ್ ನೀರು, ಅರ್ಧರ್ಧ ತುಂಬು. ಎರಡಕ್ಕೂ ಸೋಪು ಚೂರು ಹೆರೆದು ಹಾಕಿ ಜೋರಾಗಿ ಕುಲುಕು. ಯಾವುದರಲ್ಲಿ ನೊರೆ ಕಡಿಮೆ ಬಂದು ನೀರು ಹಾಲಿನ ಹಾಗೆ ಕದಡುತ್ತದೋ ಅದು ಗಡಸು ನೀರು.

ಎರಡನೆಯದು ಜೆಲ್ಲಿನದೇ. ಜೆಲ್ ಅಂದರೆ ನೀರಲ್ಲಿ ಕರಗಿಸಿದ ಪಾಲಿಮರ್. ನೀರು ಆರಿದ ಮೇಲೆ ತೆಳು ಪೊರೆ ಉಳಿದು ಕೂದಲನ್ನು ಹಿಡಿದಿಡುತ್ತದೆ. ಒಣಗಿದ ಮೇಲೆ ಬಾಚಿದರೆ ಆ ಪೊರೆ ಒಡೆದು ಪುಡಿ ಉದುರಲೇಬೇಕು. ಇನ್ನು ಹೆಲ್ಮೆಟ್ ಒಳಗೆ ಬೆವರಿಗೆ ಜೆಲ್ ಮತ್ತೆ ನೆನೆಯುತ್ತದೆ, ತೆಗೆದಾಗ ಹೆಲ್ಮೆಟ್ ಒತ್ತಿದ ಆಕಾರದಲ್ಲೇ ಒಣಗುತ್ತದೆ. ದಿನಾ ಬೈಕ್ ಓಡಿಸುವವನಿಗೆ ಜೆಲ್ ಆಗಿಬರುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೀದರ್ ಕೋಟೆ:
ವ್ಯಾಕ್ಸ್ ಯಾಕೆ ಕೆಟ್ಟಿತು ಅಂತ ನಾನು ಹೇಳುತ್ತೇನೆ. ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಮೊದಲ ಹೆಸರು ಆಕ್ವಾ, ಅಂದರೆ ನೀರು, ಅಂತಿದ್ದರೆ ತೊಳೆಯುವುದು ಸುಲಭ. ಪೆಟ್ರೋಲೇಟಂ (ವ್ಯಾಸಲೀನ್ ಥರದ ಜಿಡ್ಡು) ಅಥವಾ ಮಿನರಲ್ ಆಯಿಲ್ ಇದ್ದರೆ ಬರೀ ನೀರಿಗೆ ಜಗ್ಗುವುದಿಲ್ಲ. ಜೇನುಮೇಣ ಕರಗುವುದು 62 ಡಿಗ್ರಿ ಆಸುಪಾಸು, ಆದರೆ ಪೆಟ್ರೋಲೇಟಂ 40ರ ಆಸುಪಾಸಿಗೇ ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿ 42 ದಾಟುವುದು ಹೊಸದೇನಲ್ಲ, ಹೆಲ್ಮೆಟ್ ಒಳಗಂತೂ ಕೇಳುವುದೇ ಬೇಡ. ಕೆಳಗೆ ಮೊದಲೇ ಕೊಬ್ಬರಿ ಎಣ್ಣೆ ಬೇರೆ. ನಿಲ್ಲುವುದು ಹೇಗೆ?

ನನ್ನ ಕೇಳಿದರೆ ಹಳೇ ಬ್ರಿಲ್‌ಕ್ರೀಮ್ ಸಾಕು. 1928ರಿಂದ ಇದೆ, ನಮ್ಮ ಮಾವನವರು ಈಗಲೂ ಬಿಟ್ಟಿಲ್ಲ.

ಸಲೂನ್ ಕತ್ತರಿ:
ಸರ್, ಅದು ನೀರು, ಮಿನರಲ್ ಆಯಿಲ್, ಜೇನುಮೇಣ ಬೆರೆಸಿದ ಕ್ರೀಮ್. ಪಕ್ಕ ಬೈತಲೆ ತೆಗೆದು ಒತ್ತಿ ಬಾಚುವವರಿಗೆ ಚೆಂದ ಕೂರುತ್ತದೆ. ಈ ಹುಡುಗನಿಗೆ ಕೂದಲು ಮೇಲೆ ಎದ್ದಿರಬೇಕು. ಅವನಿಗೆ ಕ್ಲೇ ಬೇಕು.

ತಮ್ಮಾ, ಕ್ಲೇ ಅಂದರೆ ಬೆಂಟೊನೈಟ್ ಅಥವಾ ಕಯೋಲಿನ್ ಮಣ್ಣು ಬೆರೆಸಿದ್ದು. ಬೆವರು, ಜಿಡ್ಡು ಎರಡನ್ನೂ ಹೀರುತ್ತದೆ, ಹೊಳಪು ಇರುವುದಿಲ್ಲ. ಹೆಲ್ಮೆಟ್ ತೆಗೆದ ಮೇಲೆ ಬೆರಳಾಡಿಸಿದರೆ ಮತ್ತೆ ಏಳುತ್ತದೆ, ಇದೇ ದೊಡ್ಡ ಲಾಭ. ಆದರೆ ಹಚ್ಚುವ ರೀತಿ ತಪ್ಪಿದರೆ ಇದೂ ಗಂಟು ಗಂಟಾಗುತ್ತದೆ. ಕೂದಲು ಪೂರ್ತಿ ಒಣಗಿರಲಿ. ಉಗುರಿನ ಹಿಂಬದಿಯಿಂದ ಡಬ್ಬಿ ಕೆರೆದು ಎರಡು ತೊಗರಿಕಾಳಷ್ಟು ತಗೋ, ಹೆಚ್ಚಿಗೆ ಬೇಡ. ಎರಡೂ ಅಂಗೈ ಸೇರಿಸಿ ತಿಕ್ಕು. ಮೊದಲು ಗಟ್ಟಿ ಇರುತ್ತದೆ, ಕೈ ಬಿಸಿಗೆ ಕರಗಿ ಕಣ್ಣಿಗೆ ಕಾಣದ ಹಾಗೆ ಹರಡಬೇಕು. ಬೆರಳ ಸಂದಿಗೂ ಹೋಗಲಿ. ಆಮೇಲೆ ನೆತ್ತಿಯ ಹಿಂದಿನಿಂದ ಬುಡದ ಕಡೆ ಕೈ ಹಾಕಿ ಮುಂದಕ್ಕೆ ಬಾ. ಹಣೆ ಮೇಲಿನ ಕೂದಲಿಗೆ ಕೈಯಲ್ಲಿ ಉಳಿದದ್ದಷ್ಟೇ. ಎಲ್ಲರೂ ಕನ್ನಡಿ ಮುಂದೆ ನಿಂತು ಮುಂಗೂದಲಿಗೇ ಮೊದಲು ಮೆತ್ತುತ್ತಾರೆ, ಅಲ್ಲೇ ಭಾರವಾಗಿ ಬೀಳುತ್ತದೆ.

ಎಣ್ಣೆ ಬಿಡು ಅಂತ ಅವ್ವನಿಗೆ ಹೇಳಬೇಡ. ಶನಿವಾರ ರಾತ್ರಿ ಹಚ್ಚಲಿ, ಭಾನುವಾರ ಶಾಂಪೂ ಹಾಕು. ವಾರದ ನಡುವೆ ಇನ್ನೊಂದೆರಡು ಸಲ ಶಾಂಪೂ. ತಲೆಗೆ ಸೋಪು ಬೇಡವೇ ಬೇಡ. ಕೊನೆಗೆ ಒಂದು ತಂಬಿಗೆ ನಳದ ನೀರು ಸುರಿದುಕೋ. ಭೀಮಾ ನದಿಯಿಂದ ಬರುವ ನೀರು ಬೋರಿನಷ್ಟು ಗಡಸಿರುವುದಿಲ್ಲ.

ಔಷಧಂಗಡಿ:
ತಲೆಹೊಟ್ಟು ಹೌದೋ ಅಲ್ಲವೋ ಅನ್ನುವುದನ್ನೂ ನೋಡಿಬಿಡಿ. ಪುಡಿಯನ್ನು ಒದ್ದೆ ಬೆರಳಲ್ಲಿ ತಿಕ್ಕಿ. ಅಂಟಾಗಿ ಕರಗಿದರೆ ಜೆಲ್. ಕರಗದೆ ಚೂರಾಗಿಯೇ ಉಳಿದು, ತಲೆ ತುರಿಸುತ್ತಿದ್ದರೆ ಹೊಟ್ಟು ಇರಬಹುದು. ಅದಕ್ಕೆ ಕೀಟೊಕೊನಜೋಲ್ 2% ಶಾಂಪೂ ವಾರಕ್ಕೆ ಎರಡು ಸಲ, ಹಚ್ಚಿ 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಎರಡರಿಂದ ನಾಲ್ಕು ವಾರ ಮಾಡಿ. ಹುಬ್ಬು, ಮೂಗಿನ ಪಕ್ಕವೂ ಕೆಂಪಾಗಿ ಸಿಪ್ಪೆ ಏಳುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಇನ್ನೊಂದು: ವ್ಯಾಕ್ಸ್ ಹಚ್ಚುವವರಿಗೆ ಹಣೆ ಅಂಚಿನಲ್ಲಿ ಮೊಡವೆ ಬರುವುದು ಮಾಮೂಲು. ಹಣೆ ಅಂಚಿನಿಂದ ಬೆರಳಗಲ ಬಿಟ್ಟು ಹಿಂದಿನ ಕೂದಲಿಗಷ್ಟೇ ಹಚ್ಚಿ, ರಾತ್ರಿ ಮುಖ ತೊಳೆದು ಮಲಗಿ.

ಆಳಂದ ರೋಡ್:
ಬಾಟಲಿ ಕುಲುಕಿ ನೋಡಿದೆ. ಬೋರಿನ ನೀರಲ್ಲಿ ನೊರೆಯೇ ಇಲ್ಲ, ಮೇಲೆ ಬಿಳಿ ಕೆನೆ ಕಟ್ಟಿತು. ಅವ್ವನಿಗೂ ತೋರಿಸಿದೆ. ಪುಡಿ ಒದ್ದೆ ಬೆರಳಿಗೆ ಸ್ವಲ್ಪ ಅಂಟಿತು, ಸ್ವಲ್ಪ ಹಾಗೇ ಉಳಿಯಿತು. ತುರಿಕೆ ಏನೂ ಇಲ್ಲ. ಉಳಿದದ್ದು ಸೋಪಿನ ಪುಡಿಯೇ ಇರಬೇಕು ಅಲ್ವಾ? ತಲೆಯಲ್ಲಿ ಇನ್ನೂ ಹಳೇ ವ್ಯಾಕ್ಸ್ ಇದೆ, ಅದನ್ನು ತೆಗೆಯುವುದು ಹೇಗೆ?

ಸಲೂನ್ ಕತ್ತರಿ:
ಹೌದು, ಅದು ಸೋಪಿನದೇ. ವ್ಯಾಕ್ಸ್ ತೆಗೆಯಲು ಮೊದಲು ನೀರು ಹಾಕಬೇಡ. ಒಣ ಕೂದಲಿಗೇ ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕು, ಜಿಡ್ಡನ್ನು ಜಿಡ್ಡೇ ಬಿಡಿಸುತ್ತದೆ. ಅದರ ಮೇಲೆ ಶಾಂಪೂ ಹಾಕಿ ಕಲಸು. ಆಮೇಲೆ ನೀರು ಸುರಿದು ತೊಳೆ, ಮತ್ತೊಂದು ಸಲ ಶಾಂಪೂ ಹಾಕು. ಬಿಸಿ ನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು.

ಮದುವೆ ದಿನ ಹೊಸ ಡಬ್ಬಿ ತೆರೆಯಬೇಡ. ಈಗಲೇ ಸಣ್ಣ ಡಬ್ಬಿ ತಂದು, ಕಿವಿ ಹಿಂದೆ ಚೂರು ಹಚ್ಚಿ ಒಂದು ದಿನ ನೋಡು. ಉರಿ, ತುರಿಕೆ ಬರದಿದ್ದರೆ ಕೆಲಸಕ್ಕೆ ಹೋಗುವಾಗ ಹಚ್ಚಿ ಕೈ ಪಳಗಿಸಿಕೋ. ಕಟಿಂಗ್ ಮದುವೆಗೆ ನಾಲ್ಕೈದು ದಿನ ಮೊದಲೇ ಮಾಡಿಸು, ಹಿಂದಿನ ದಿನ ಬೇಡ. ಪೇಟ ಕಟ್ಟುವುದಿದ್ದರೆ ಕ್ಲೇ ತೀರಾ ಕಡಿಮೆ ಹಚ್ಚು, ಬಟ್ಟೆಗೆ ಅಂಟುತ್ತದೆ.