ಮೊದಲ ರೋಬೋ ಮಾಡೋಕೆ ಹೊರಟಿದ್ದೇವೆ, ಏನೇನು ತರಲಿ?

ಪ್ರಶ್ನೆ, ವಾಸ್ಕೋದಿಂದ:
ನಾವಿರೋದು ಜುವಾರಿನಗರದ ಹತ್ತಿರ. ಎಂಟನೇ ಕ್ಲಾಸಿನ ಮಗಳು ದೀಪಾವಳಿ ರಜೆಯಲ್ಲಿ ರೋಬೋ ಮಾಡಲೇಬೇಕು ಅಂತ ಹಟ ಹಿಡಿದಿದ್ದಾಳೆ, ಅದೂ ನಡೆದು ಬಂದು ಕೈಕುಲುಕುವಂಥದ್ದು! ಅವಳಪ್ಪ ಹಡಗಿನ ಕೆಲಸದಲ್ಲಿ, ಬರೋದು ಡಿಸೆಂಬರಿಗೆ. ನನಗೆ ಗೊತ್ತಿರೋದು ಫ್ಯೂಸ್ ಹಾಕೋದು ಮಾತ್ರ. ಮುಂದಿನ ವಾರ ಮುಂಬೈಗೆ ಹೋಗೋದಿದೆ. ಕಿಟ್ ಒಳ್ಳೇದೋ, ಬಿಡಿಬಿಡಿಯಾಗಿ ಕೊಳ್ಳೋದೋ? ಕೈಯಾರೆ ಮಾಡಿದವರು ಹೇಳಿ.

ಡೊಂಬಿವಲಿಯಿಂದ:
ಕೈಕುಲುಕೋದು ಮುಂದಿನ ವರ್ಷಕ್ಕಿರಲಿ. ಎರಡು ಕಾಲಿನ ಮೇಲೆ ನಿಲ್ಲಿಸೋದೇ ಒಂದು ರಾಮಾಯಣ, ಒಂದೊಂದು ಕೀಲಿಗೂ ಒಂದೊಂದು ಸರ್ವೋ ಮೋಟರ್ (ಹೇಳಿದ ಕೋನಕ್ಕೆ ತಿರುಗಿ ನಿಲ್ಲೋದು) ಬೇಕು. ಮೊದಲನೆಯದಕ್ಕೆ ಎರಡು ಚಕ್ರ, ಮುಂದೊಂದು ಕ್ಯಾಸ್ಟರ್ (ಎತ್ತ ಬೇಕಾದರೂ ಹೊರಳೋ ಪುಟ್ಟ ಗಾಲಿ) ಸಾಕು. ಎರಡೂ ಚಕ್ರ ತಿರುಗಿದರೆ ಮುಂದಕ್ಕೆ, ಬಲಗಡೆಯದು ನಿಂತರೆ ಬಲಕ್ಕೆ. ಸ್ಟೀರಿಂಗ್ ತಲೆನೋವೇ ಇಲ್ಲ.

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಲ್ಯಾಮಿಂಗ್ಟನ್ ರೋಡ್ ಕೇಳಿ. ಸರ್ಕಾರಿ ಹೆಸರು ಡಾ. ಭಡಕಮಕರ್ ಮಾರ್ಗ ಅಂತ, ಆದರೆ ಹಾಗೆ ಕೇಳಿದರೆ ಟ್ಯಾಕ್ಸಿಯವನೂ ತಲೆ ಕೆರೆದುಕೊಳ್ತಾನೆ. ಭಾನುವಾರ ಮಾತ್ರ ಬೇಡ. ಆರ್ಡುಯಿನೋ ಊನೋ ಬೋರ್ಡು (ರೋಬೋದ ಮೆದುಳು), ಎಲ್298ಎನ್ ಮೋಟರ್ ಡ್ರೈವರ್ (ಬೋರ್ಡ್ ಹೇಳಿದಂತೆ ಮೋಟರಿಗೆ ಕರೆಂಟ್ ಬಿಡೋದು), ಚಕ್ರ ಸಮೇತ ಹಳದಿ ಬಿಓ ಮೋಟರ್ (ಗೇರ್ ಇರೋ ಪುಟ್ಟ ಮೋಟರ್), ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ (ಸದ್ದಿನ ಪ್ರತಿಧ್ವನಿಯಿಂದ ಅಡ್ಡ ಇರೋದನ್ನ ಕಂಡುಹಿಡಿಯೋದು), ಜಂಪರ್ ವೈರು (ಸಿಕ್ಕಿಸಿ ಜೋಡಿಸೋ ವೈರು) ಅಂತ ಚೀಟಿ ಬರೆದುಕೊಂಡೇ ಹೋಗಿ, ಕೌಂಟರಿನಲ್ಲಿ ಯೋಚಿಸ್ತಾ ನಿಲ್ಲೋಕೆ ಬಿಡಲ್ಲ. ಮೋಟರ್ ಎರಡು ಸಾಕಾದರೂ ಮೂರು ತನ್ನಿ. ವೈರ್ ಬೆಸೆಯುವ ತಾಮ್ರದ ಕಿವಿ ತಗಡಿಗಿಂತ ತೆಳು, ಎರಡು ಸಲ ಬಗ್ಗಿಸಿದರೆ ಕೈಗೇ ಬರುತ್ತೆ.

ಪುಣೆ, ಕೋಥರೂಡದಿಂದ:
ನಾನು ಧಾರವಾಡದಾಂವ, ಇಲ್ಲೆ ಇಂಜಿನಿಯರಿಂಗ್ ಓದ್ಲಿಕತ್ತೀನ್ರಿ. ಎಲ್ಲಾರೂ ಬೋರ್ಡಿಗೆ ಬರಿಯೂ ಕೋಡ್ ಕಷ್ಟ ಅಂತಾರ, ನನ್ನ ತಲಿ ತಿಂದಿದ್ದು ಬ್ಯಾಟರಿ. ಚಕ್ರ ಎತ್ತಿ ಹಿಡದ್ರ ಝುಂಯ್ ಅಂತ ತಿರಗತಿತ್ತು. ನೆಲಕ್ಕ ಇಟ್ಟ ಕೂಡ್ಲೇ ಬಿಕ್ಕಳಿಕಿ ಬಂದಂಗ ಒಂದು ಸಲ ಜಗ್ಗಿ ನಿಂತು ಬಿಡತಿತ್ತು. ಎರಡು ರಾತ್ರಿ ಕೋಡ್ ತಿದ್ದಿದೆ. ಕಡೀಕ ರೂಮ್‌ಮೇಟ್ ಮಲ್ಟಿಮೀಟರ್ ಹಚ್ಚಿ ನೋಡಿದ. ಮೋಟರ್ ಎಳಿಯೂ ಹೊತ್ತಿಗೆ 9 ವೋಲ್ಟಿನ ಚೌಕ ಬ್ಯಾಟರಿ 5ರ ಕೆಳಗ ಕುಸಿದು ಹೋಗ್ತಿತ್ತು. ಪ್ರತಿ ಸಲ ಬೋರ್ಡು ಸತ್ತು ಹುಟ್ಟತಿತ್ತು, ಪಾಪ ಕೋಡಿಂದೇನೂ ತಪ್ಪಿಲ್ಲ.

ಅಕ್ಕಾರ, ಅದರ ಬದ್ಲಿ ಚಾರ್ಜ್ ಆಗೂ ಎಎ ಸೆಲ್ 6 ಹಾಕ್ರಿ. ಒಂದಕ್ಕ 1.2 ವೋಲ್ಟ್, ಒಟ್ಟು 7.2. ಎಲ್298ಎನ್ ಹಳೇ ಕಾಲದ್ದು, ಸುಮಾರು 2 ವೋಲ್ಟ್ ತಾನ ನುಂಗತದ. ಉಳಿದ 5 ಬಿಓ ಮೋಟರಿಗೆ ಹದಾ ಆಗ್ತದ. 4 ಸೆಲ್ ಹಾಕಿದ್ರ ತೆವಳತದ ಅಷ್ಟ. ಬೋರ್ಡಿಗೆ ಬ್ಯಾರೆ ಪವರ್ ಬ್ಯಾಂಕ್ ಕೊಡ್ರಿ, ಆದ್ರ ಎರಡರ ಗ್ರೌಂಡ್ (ಮೈನಸ್) ವೈರ್ ಒಂದಕ್ಕೊಂದು ಕೂಡಸಲಿಕ್ಕೇ ಬೇಕು. ಇಲ್ಲಂದ್ರ ಬೋರ್ಡ್ ಹೇಳಿದ್ದು ಡ್ರೈವರಿಗೆ ತಿಳಿಯೂದಿಲ್ಲ. ಕೆಲವು ಪವರ್ ಬ್ಯಾಂಕ್ ಇಷ್ಟು ಸಣ್ಣ ಕರೆಂಟಿಗೆ ಯಾರೂ ಇಲ್ಲ ಅಂತ ತಿಳದು ತಾವ ಬಂದ್ ಆಗ್ತಾವ, ಮೊದ್ಲ ಅದನ್ನ ನೋಡ್ಕೋರಿ. ಮುಂಬೈದಾಗ ಏನರ ಮರತ್ರ ನಮ್ಮ ಬುಧವಾರ ಪೇಠದ ತಾಪಕೀರ್ ಗಲ್ಲಿಯೊಳಗೂ ಸಿಗ್ತದ.

ಮಾಟುಂಗಾದಿಂದ:
ಮಾರಾಯ್ರೇ, ಕಿಟ್ಟಿನ ಮಾತು ಯಾರೂ ಎತ್ತಲಿಲ್ಲವಲ್ಲ. ತೂತು ಕೊರೆದ ಚಾಸಿ (ಗಾಡಿಯ ತಳದ ಹಲಗೆ), ಸ್ಕ್ರೂ, ಸ್ಪೇಸರ್ ಒಟ್ಟಿಗೆ ಬರುವ ಚಾಸಿ ಕಿಟ್ ತೆಗೆದುಕೊಳ್ಳಿ, ಉಳಿದದ್ದನ್ನು ಬಿಡಿಬಿಡಿಯಾಗಿ ಕೊಳ್ಳಿ. ನಾನು ಮೊಮ್ಮಗನಿಗಾಗಿ ಮಿಠಾಯಿ ಡಬ್ಬದ ಮುಚ್ಚಳ ಕೊರೆಯಲು ಹೋಗಿ ಬೆರಳು ಕೊಯ್ದುಕೊಂಡವ.

ಮಗುವಿಗೆ ಚಕ್ರದ ಗಾಡಿ ಸಪ್ಪೆ ಅನ್ನಿಸಿದರೆ ಆಮೆಯ ಕಥೆ ಹೇಳಿ. 1948-49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ನರವಿಜ್ಞಾನಿ ಎಲ್ಮರ್, ಎಲ್ಸಿ ಅಂತ ಎರಡು ಯಂತ್ರದ ಆಮೆ ಮಾಡಿದ್ದ. ಮೂರು ಚಕ್ರ, ಹಳೇ ರೇಡಿಯೋದಲ್ಲಿರುವಂಥ ಎರಡು ವಾಲ್ವು, ಬೆಳಕಿಗೊಂದು ಕಣ್ಣು, ತಾಗಿದರೆ ಗೊತ್ತಾಗುವ ಚಿಪ್ಪು, ಇಷ್ಟೇ ಬಂಡವಾಳ. ಅಷ್ಟರಲ್ಲೇ ಬೆಳಕು ಹುಡುಕುತ್ತ, ಅಡ್ಡ ಬಂದದ್ದನ್ನು ಸುತ್ತಿಕೊಂಡು ಹೋಗುತ್ತಿದ್ದವು. ನಿಮ್ಮ ಊನೋ ಅದಕ್ಕಿಂತ ಎಷ್ಟೋ ಬುದ್ಧಿವಂತ. ಅಲ್ಟ್ರಾಸಾನಿಕ್ಕಿಗೆ ಪರದೆ, ಸೋಫಾದ ಮೆತ್ತೆ ಸರಿಯಾಗಿ ಕಾಣಿಸುವುದಿಲ್ಲ, ಮೆತ್ತಗಿನದು ಸದ್ದನ್ನು ಹೀರಿಕೊಳ್ಳುತ್ತದೆ. ಗೋಡೆಯ ಎದುರೇ ಪರೀಕ್ಷೆ ಮಾಡಿ.

ಮಡಗಾಂವಿನಿಂದ:
ಅಲ್ಟ್ರಾಸಾನಿಕ್ ಆದಮೇಲೆ ಗೆರೆ ಹಿಡಿದು ಹೋಗುವ ಲೈನ್ ಫಾಲೋವರ್ ಮಾಡಿಸಿ. ಎರಡು ಐಆರ್ (ಇನ್ಫ್ರಾರೆಡ್ ಬೆಳಕಿನ) ಸೆನ್ಸರ್, ಒಂದು ಸುತ್ತು ಕಪ್ಪು ಟೇಪು. ನಮ್ಮದು ಮೊಸಾಯಿಕ್ ನೆಲ, ಅದರ ಕಪ್ಪು ಚುಕ್ಕಿಗಳನ್ನೆಲ್ಲ ಗೆರೆ ಅಂದುಕೊಂಡು ನಮ್ಮ ರೋಬೋ ಕುಡಿದವನ ಹಾಗೆ ಓಡಾಡ್ತು. ಬಿಳಿ ಡ್ರಾಯಿಂಗ್ ಶೀಟ್ ಹಾಸಿದೆವು. ಬಲ್ಕಾಂವಿನಲ್ಲಿ (ಮನೆ ಮುಂದಿನ ಜಗಲಿಯಲ್ಲಿ) ಬಿಟ್ಟರೆ ಮತ್ತೆ ದಾರಿ ತಪ್ಪಿತು. ಬಿಸಿಲಿನಲ್ಲೂ ಇನ್ಫ್ರಾರೆಡ್ ಇರುತ್ತಲ್ಲ! ಒಳಗೆ, ಕಿಟಕಿ ಮುಚ್ಚಿ, ಸೆನ್ಸರಿನ ಮೇಲಿರುವ ಪುಟ್ಟ ಸ್ಕ್ರೂ ತಿರುಗಿಸಿ ಹದ ಮಾಡಿಕೊಳ್ಳಿ. ಸೆನ್ಸರ್ ಜೀವಂತ ಇದೆಯೋ ಇಲ್ಲವೋ ಅಂತ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ, ಕಣ್ಣಿಗೆ ಕಾಣದ ಬೆಳಕು ಎಷ್ಟೋ ಫೋನಿನಲ್ಲಿ ನೇರಳೆ ಚುಕ್ಕಿಯಾಗಿ ಕಾಣುತ್ತೆ. ಹಾಂ, ಅಗ್ಗದ ಊನೋ ಆದರೆ ಕಂಪ್ಯೂಟರಿಗೆ ಬೋರ್ಡನ್ನು ಗುರುತಿಸುವ ಸಿಎಚ್340 ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕಬೇಕಾಗಬಹುದು.

ವಾಸ್ಕೋದಿಂದ:
ಎಲ್ಲರಿಗೂ ಥ್ಯಾಂಕ್ಸ್. ಆಮೆ ಕಥೆ ಕೆಲಸ ಮಾಡಿತು, ಮಗಳು ತೆಂಗಿನ ಚಿಪ್ಪು ತೊಳೆದು ಒಣಗಿಸಿದ್ದಾಳೆ. ಬುಧವಾರ ಗ್ರಾಂಟ್ ರೋಡಿಗೆ ಹೋಗ್ತೀನಿ. ವೈರ್ ಬೆಸೆಯೋ ಸೋಲ್ಡರಿಂಗ್ ಐರನ್ 25 ವ್ಯಾಟಿನದು ಸಾಕಾ?

ಡೊಂಬಿವಲಿಯಿಂದ:
ಸಾಕು. ಸ್ಟ್ಯಾಂಡ್ ಮರೀಬೇಡಿ. ನಮ್ಮ ಊಟದ ಮೇಜಿನ ಮೇಲೆ ಅದರ ಗುರುತು ಇನ್ನೂ ಇದೆ, ಹೆಂಡತಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಡ್ತಾಳೆ.