ಹಣಕಾಸು, ಕೃಷಿ, ಬಡತನ: ಈ ವಿಷಯದಲ್ಲಿ ಪಿಎಚ್‌ಡಿ ಮಾಡಿದವರು ಇದ್ದೀರಾ?

ಕೇಳಿದವರು: ಎಂ.ಎ. ಅರ್ಥಶಾಸ್ತ್ರ ಮುಗಿದಿದೆ. ಹೊರದೇಶದ ಮಾರುಕಟ್ಟೆಯಲ್ಲಿ ಓಡಾಡುವ ದುಡ್ಡು ನಮ್ಮ ರೈತರನ್ನು, ಕೂಲಿಯವರನ್ನು ಹೇಗೆ ಮುಟ್ಟುತ್ತದೆ ಅಂತ ಸಂಶೋಧನೆ ಮಾಡುವ ಆಸೆ. ಮನೆಯಲ್ಲಿ 'ಸುಮ್ನೆ ಬ್ಯಾಂಕ್ ಪರೀಕ್ಷೆ ಬರಿ' ಅನ್ನುತ್ತಾರೆ. ಅನುಭವ ಇದ್ದವರು ಹೇಳಿ.

ಕಾಫಿ ಸೀಮೆಯಲ್ಲಿ ಅಲೆದವಳು: ನಾನೂ ಇಷ್ಟೇ ದೊಡ್ಡ ವಿಷಯ ಹೊತ್ತುಕೊಂಡು ಹೋಗಿದ್ದೆ. 'ಒಂದು ಬೆಳೆ ಹಿಡಿಯಮ್ಮ' ಅಂದರು ಗೈಡ್. ಕಾಫಿ ಹಿಡಿದೆ. ಕಾಫಿಯಲ್ಲಿ ಎರಡು ಜಾತಿ: ರೊಬಸ್ಟಾ ಬೆಲೆಗೆ ಲಂಡನ್ ಮಾರುಕಟ್ಟೆ, ಅರೇಬಿಕಾಕ್ಕೆ ನ್ಯೂಯಾರ್ಕ್ ಮಾರುಕಟ್ಟೆ ನೋಡಬೇಕು. ಮೂಡಿಗೆರೆ ಕಡೆ ಬೆಳೆಗಾರರ ಮೊಬೈಲಿನಲ್ಲಿ ಆ ರೇಟು ಇದ್ದೇ ಇರುತ್ತದೆ. ಆದರೆ ಮಾರುವಾಗ ಮಾತೆಲ್ಲ ಓಟಿ ಮೇಲೆ. ಅಂದರೆ 50 ಕಿಲೋ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಯಿಂದ ಎಷ್ಟು ಕಿಲೋ ಬೀಜ ಬರುತ್ತದೆ ಅನ್ನುವ ಲೆಕ್ಕ. ನನ್ನ ಕಣ್ಣೆದುರೇ ಒಬ್ಬರು 28 ಅಂದರು, ವ್ಯಾಪಾರಿ ಸ್ಯಾಂಪಲ್ ತೂಗಿ 26 ಅಂದ. ಆ ವಾರ ಸಾಲದ ಕಂತು ಕಟ್ಟಬೇಕಿತ್ತು, ಅವರು ಒಪ್ಪಿಕೊಂಡರು. ನನ್ನ ಥೀಸಿಸ್‌ನಲ್ಲಿ ಅರ್ಧ ಆ ಎರಡು ಕಿಲೋದ ಕಥೆಯೇ.

ಹಿರಿಯರ ಹತ್ತಿರ ಕೂತು ಕೇಳಿ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಕೋಟಾ (ಯಾವ ದೇಶ ಎಷ್ಟು ರಫ್ತು ಮಾಡಬೇಕು ಅನ್ನುವ ಒಪ್ಪಂದ) ಮುರಿದು ಬೆಲೆ ಬಿದ್ದಿದ್ದು, 90ರ ದಶಕದಲ್ಲಿ ಕಾಫಿ ಬೋರ್ಡಿನ ಪೂಲ್ (ಬೆಳೆಗಾರರ ಕಾಫಿಯನ್ನೆಲ್ಲ ಬೋರ್ಡೇ ಒಟ್ಟುಮಾಡಿ ಮಾರುವ ಪದ್ಧತಿ) ನಿಂತಿದ್ದು, ಎಲ್ಲವನ್ನೂ ಮಗಳ ಮದುವೆ, ಜೀಪು ಮಾರಿದ ವರ್ಷದ ಜೊತೆ ಸೇರಿಸಿ ಹೇಳುತ್ತಾರೆ. ಕೂಲಿಯವರು ಇರುವ ಲೈನ್ ಮನೆಗಳಿಗೆ ಮಾತ್ರ ತೋಟದ ಮಾಲೀಕರ ಜೊತೆ ಹೋಗಬೇಡಿ. ನಾನು ಹೋಗಿದ್ದೆ. ಎಲ್ಲರೂ 'ಚೆನ್ನಾಗಿದ್ದೀವಿ ಅಕ್ಕ' ಅಂದರು. ಒಂದು ತಿಂಗಳ ಕೆಲಸ ದಂಡ.

ಕೋಲಾರದವನು: ನನ್ನದು ಮೈಕ್ರೋಫೈನಾನ್ಸ್, ಅಂದರೆ ಬಡವರಿಗೆ ಕೊಡುವ ಸಣ್ಣ ಸಾಲ. ಪ್ರಶ್ನಾವಳಿಯಲ್ಲಿ 'ಸಾಲ ಇದೆಯಾ?' ಅಂತ ಬರೆದಿದ್ದೆ. ಮೊದಲ ಬೀದಿಯಲ್ಲಿ ಎಲ್ಲರದ್ದೂ 'ಇಲ್ಲ'. ಎರಡನೇ ದಿನ 'ಸಂಘಕ್ಕೆ ವಾರಕ್ಕೆ ಎಷ್ಟು ಕಟ್ಟುತ್ತೀರಮ್ಮ?' ಅಂದೆ. ಒಂದೇ ಮನೆಯಿಂದ ನಾಲ್ಕು ಪಾಸ್‌ಬುಕ್ ಹೊರಗೆ ಬಂತು! ಇಂಥ ಸಾಲ ವಸೂಲಿಯ ಕಿರುಕುಳ ತಡೆಯಲು ಆಂಧ್ರದಲ್ಲಿ 2010ರಲ್ಲಿ ಬಂದ ಸುಗ್ರೀವಾಜ್ಞೆ, ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ ಬಂದದ್ದು, ಎರಡನ್ನೂ ಓದಿ ಹೋಲಿಸಿ. ಅಲ್ಲೇ ಒಂದು ವಿಷಯ ಸಿಗುತ್ತದೆ.

ಇನ್ನೂ ಥೀಸಿಸ್ ಮುಗಿಸದವನು: ದುಡ್ಡಿನ ಮಾತು ಯಾರೂ ಆಡಲಿಲ್ಲ, ಅಲ್ವಾ? ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್) ಸಿಕ್ಕರೆ ಈಗ ತಿಂಗಳಿಗೆ 37,000 ರೂಪಾಯಿ, 2023ರಿಂದ. ಆದರೆ ತಿಂಗಳು ತಿಂಗಳು ಬರುತ್ತದೆ ಅಂದುಕೊಳ್ಳಬೇಡಿ. ನನಗೆ ಒಂದು ಸಲ ಐದು ತಿಂಗಳದ್ದು ಒಟ್ಟಿಗೆ ಬಂತು. ಅಲ್ಲಿಯವರೆಗೆ ಪಿಯುಸಿ ಹುಡುಗರಿಗೆ ಟ್ಯೂಷನ್ ಹೇಳಿ ಬಾಡಿಗೆ ಕಟ್ಟಿದೆ. ಮನೆಯವರ ಜೊತೆ ಜಗಳ ಬೇಡ, ಬ್ಯಾಂಕ್ ಪರೀಕ್ಷೆಯನ್ನೂ ಬರೆದಿಡಿ. ನಾನೂ ಬರೆದಿದ್ದೆ, ಪಾಸಾಗಲಿಲ್ಲ.