ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದ್ದರೆ ವಿಪತ್ತಿನಲ್ಲಿ ಸೇವೆ ಮಾಡಲೇಬೇಕಾ? ಗೊತ್ತಿದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು, ಹೊಸದಾಗಿ ರಿಸ್ಟ್ರಿಕ್ಟೆಡ್ ಗ್ರೇಡ್ (ಆರಂಭಿಕ ದರ್ಜೆಯ) ಲೈಸೆನ್ಸ್ ಸಿಕ್ಕಿದೆ. ಮಳೆಗಾಲದಲ್ಲಿ ನೆರೆ ಬಂದರೆ ಕರೆದ ಕಡೆ ಹೋಗಲೇಬೇಕು, ಇಲ್ಲದಿದ್ದರೆ ಲೈಸೆನ್ಸ್ ಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಇದು ನಿಜವೇ?

ನಾನು ಓದಿದ ಮಟ್ಟಿಗೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ರೇಡಿಯೋ ನಿಯಮಗಳು ಹವ್ಯಾಸಿ ರೇಡಿಯೋವನ್ನು ಸ್ವಂತ ಕಲಿಕೆ, ಪರಸ್ಪರ ಸಂಪರ್ಕ, ತಾಂತ್ರಿಕ ಪ್ರಯೋಗ ಎಂದು ವಿವರಿಸುತ್ತವೆ. ಹಣದ ಆಸೆ ಇರಬಾರದು. ಅದೇ ನಿಯಮಗಳ 25ನೇ ವಿಧಿಯಲ್ಲಿ ವಿಪತ್ತಿನ ಮಾತು ಬರುತ್ತದೆ, ಆದರೆ ಅದು ಹೇಳುವುದು ಸರ್ಕಾರಗಳಿಗೆ: ಹ್ಯಾಮ್‌ಗಳು ಸಿದ್ಧರಾಗಿರಲು ಅವಕಾಶ ಮಾಡಿಕೊಡಿ ಅಂತ. 2004ರ ಸುನಾಮಿ ಹೊತ್ತಿನಲ್ಲಿ ಅಂಡಮಾನಿನಲ್ಲಿದ್ದ ಹ್ಯಾಮ್‌ಗಳು ಸಂದೇಶ ದಾಟಿಸಿದ್ದು ಮನಸ್ಸಿನಿಂದ, ಅಲ್ವಾ? ಅದಕ್ಕೇ ಅವರ ಮೇಲೆ ನನಗೆ ಗೌರವ ಜಾಸ್ತಿ.

ನಮ್ಮ ದೇಶದ 1978ರ ಹವ್ಯಾಸಿ ರೇಡಿಯೋ ನಿಯಮಗಳಲ್ಲಿ ಅಥವಾ ಲೈಸೆನ್ಸ್ ಷರತ್ತಿನಲ್ಲಿ ಕಡ್ಡಾಯ ಎನ್ನುವ ಸಾಲು ಇದ್ದರೆ, ದಯವಿಟ್ಟು ನಿಯಮದ ಸಂಖ್ಯೆ ಹಾಕಿ. ಯಾರೋ ಹೇಳಿದ್ದು ಬೇಡ.

ಸೇವೆ ಬೇಡ ಎಂದಲ್ಲ. ಮನೆಯಲ್ಲಿ ಅಮ್ಮನನ್ನು ನೋಡಿಕೊಳ್ಳಬೇಕು, ಪ್ರತಿ ಸಲ ಹೊರಡಲು ಆಗುವುದಿಲ್ಲ. ಮನೆಯಿಂದಲೇ 144–146 ಮೆಗಾಹರ್ಟ್ಸ್‌ನಲ್ಲಿ ಸಂದೇಶ ದಾಟಿಸಬಲ್ಲೆ. ಮಲ್ಪೆ, ಕಾಪು ಕಡೆ ಯಾರಾದರೂ ಅಭ್ಯಾಸದ ನೆಟ್ (ರೇಡಿಯೋದಲ್ಲಿ ಹ್ಯಾಮ್‌ಗಳು ನಿಗದಿತ ಸಮಯಕ್ಕೆ ಸೇರಿ ಮಾತನಾಡುವುದು) ನಡೆಸುತ್ತಿದ್ದರೆ ಸಮಯ ತಿಳಿಸಿ, ಖಂಡಿತ ಸೇರುತ್ತೇನೆ.